ತಲೆಗೆ ಹಿತ, ಬಾಣಲೆಗೆ ಮಿತ

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರದಿಂದ ತಿ. ನರಸೀಪುರದ ಸಂಗಮದವರೆಗೆ ಕಪಿಲೆಯ ದಂಡೆಯಲ್ಲಿ ತೆಂಗಿಲ್ಲದ ಊರು ಸಿಗುವುದು ಕಷ್ಟ. ಚಟ್ನಿಗೆ, ಸಾರಿಗೆ, ಒಬ್ಬಟ್ಟಿಗೆ, ಪೂಜೆಗೆ ಕಾಯಿ ಬೇಕೇ ಬೇಕು. ಹಾಗಿದ್ದೂ ಈ ಸೀಮೆಯ ಅಡುಗೆಗೆ ಕೊಬ್ಬರಿ ಎಣ್ಣೆ ಒಗ್ಗಿರಲಿಲ್ಲ. ಒಗ್ಗರಣೆಗೆ ಹುಚ್ಚೆಳ್ಳೆಣ್ಣೆ ಅಥವಾ ಕಡಲೆಕಾಯಿ ಎಣ್ಣೆ, ಮೈಗೆ ಹರಳೆಣ್ಣೆ, ತಲೆಗೆ ಕೊಬ್ಬರಿ ಎಣ್ಣೆ ಎಂದು ಒಂದೊಂದಕ್ಕೆ ಒಂದೊಂದು ಕೆಲಸ ಗೊತ್ತಾಗಿತ್ತು. ಕರಾವಳಿಯಿಂದ ಬಂದ ನೆಂಟರು ಕೊಬ್ಬರಿ ಎಣ್ಣೆಯಲ್ಲಿ ಪಲ್ಯ ಮಾಡಿದರೆ ಇಲ್ಲಿನವರು ಮೂಗು ಮುರಿಯುತ್ತಿದ್ದರು.

ಈಗ ಆ ಗೆರೆ ಅಳಿಸುತ್ತಿದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಎರಡು ಚಮಚ ಕೊಬ್ಬರಿ ಎಣ್ಣೆ ಕುಡಿದರೆ ತೂಕ ಇಳಿಯುತ್ತದೆ, ಥೈರಾಯ್ಡ್ ಸರಿಹೋಗುತ್ತದೆ, ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಮರೆವು ಹೋಗುತ್ತದೆ ಎನ್ನುವ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಿವೆ. ಮರದ ಗಾಣದ ಅಂಗಡಿಗಳಲ್ಲಿ ‘ಶುದ್ಧ’ ಎಂಬ ಹೆಸರಿನಲ್ಲಿ ಕೊಬ್ಬರಿ ಎಣ್ಣೆ ಅಡುಗೆಗೆಂದೇ ಮಾರಾಟವಾಗುತ್ತಿದೆ. ತಲೆಗೆ ಹಚ್ಚಿಕೊಂಡ ಎಣ್ಣೆ ಹೃದಯಕ್ಕೆ ಏನೂ ಮಾಡದು. ದಿನವೂ ಹೊಟ್ಟೆಗೆ ಹೋಗುವ ಎಣ್ಣೆಯ ಲೆಕ್ಕ ಬೇರೆ. ಇಂದು ಶುರುವಾದ ಈ ಅಭ್ಯಾಸದ ಬೆಲೆಯನ್ನು ಹತ್ತು ಹದಿನೈದು ವರ್ಷಗಳ ಬಳಿಕ ನಮ್ಮ ರಕ್ತನಾಳಗಳು ತೆರಬೇಕಾಗುತ್ತದೆ. ಆತಂಕ ಹುಟ್ಟಿಸಲು ಈ ಮಾತು ಹೇಳುತ್ತಿಲ್ಲ, ಇದಕ್ಕೆ ಪುರಾವೆಗಳಿವೆ.

ಎಣ್ಣೆಯೊಳಗೆ ಏನಿದೆ?

ಕೊಬ್ಬರಿ ಎಣ್ಣೆಯ ನೂರು ಪಾಲಿನಲ್ಲಿ ಸುಮಾರು 82ರಿಂದ 90 ಪಾಲು ಪರ್ಯಾಪ್ತ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಫ್ಯಾಟ್. ಬೆಣ್ಣೆಯಲ್ಲೂ ಹಂದಿಯ ಕೊಬ್ಬಿನಲ್ಲೂ ಇಷ್ಟಿಲ್ಲ. ಕಡಲೆಕಾಯಿ ಎಣ್ಣೆಯಲ್ಲಿ ಇದು ಇಪ್ಪತ್ತರ ಆಸುಪಾಸು, ಸೂರ್ಯಕಾಂತಿ ಎಣ್ಣೆಯಲ್ಲಿ ಹತ್ತರ ಆಸುಪಾಸು. ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲ. ಉಳಿದದ್ದರಲ್ಲಿ ಮಿರಿಸ್ಟಿಕ್ ಮತ್ತು ಪಾಮಿಟಿಕ್ ಆಮ್ಲಗಳು ಮುಖ್ಯ. ದೇಹಕ್ಕೆ ಅತ್ಯಗತ್ಯವಾದ, ಆಹಾರದಿಂದಲೇ ಬರಬೇಕಾದ ಲಿನೋಲಿಕ್ ಆಮ್ಲ ನೂರಕ್ಕೆ ಎರಡರಷ್ಟು ಮಾತ್ರ. ಮೀನೆಣ್ಣೆಯಲ್ಲೂ ಅಗಸೆಯಲ್ಲೂ ಸಿಗುವ ಒಮೆಗಾ–3 ಇಲ್ಲವೆಂದೇ ಹೇಳಬೇಕು.

ಹೃದಯಕ್ಕೆ ಇದರಿಂದ ಆಗುವ ತೊಂದರೆ ಯಕೃತ್ತಿನಲ್ಲಿ ಶುರುವಾಗುತ್ತದೆ. ರಕ್ತದಲ್ಲಿ ಸುತ್ತುವ ಎಲ್‌ಡಿಎಲ್ ಕೊಲೆಸ್ಟರಾಲ್ ಕಣಗಳನ್ನು ಒಳಗೆಳೆದುಕೊಳ್ಳಲು ಯಕೃತ್ತಿನ ಕೋಶಗಳ ಮೇಲೆ ಗ್ರಾಹಕಗಳಿವೆ. ಪರ್ಯಾಪ್ತ ಕೊಬ್ಬು ಹೆಚ್ಚಿದರೆ ಈ ಗ್ರಾಹಕಗಳ ಕೆಲಸ ಕುಗ್ಗುತ್ತದೆ. ಸಕ್ಕರೆ ಕಾರ್ಖಾನೆಯ ಗೇಟು ಅರ್ಧ ಮುಚ್ಚಿದರೆ ಕಬ್ಬಿನ ಗಾಡಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟುವಂತೆ ಎಲ್‌ಡಿಎಲ್ ಕಣಗಳು ರಕ್ತದಲ್ಲೇ ಉಳಿಯುತ್ತವೆ. ಉಳಿದವು ರಕ್ತನಾಳದ ಗೋಡೆಯೊಳಗೆ ಸೇರಿಕೊಳ್ಳುತ್ತವೆ. ಇದಕ್ಕೆ ನೋವಿಲ್ಲ, ಸುಸ್ತಿಲ್ಲ, ಹೊರಗೆ ಕಾಣುವ ಗುರುತೂ ಇಲ್ಲ.

ಪ್ರಯೋಗಗಳು ಹೇಳಿದ್ದು

ಕೊಬ್ಬರಿ ಎಣ್ಣೆಯ ಬಗ್ಗೆ ಮನುಷ್ಯರ ಮೇಲೆ ನಡೆದ 16 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2020ರಲ್ಲಿ ‘ಸರ್ಕ್ಯುಲೇಷನ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಸೂರ್ಯಕಾಂತಿ, ಸೋಯಾ, ಆಲಿವ್‌ನಂಥ ಎಣ್ಣೆಗಳಿಗೆ ಹೋಲಿಸಿದರೆ ಕೊಬ್ಬರಿ ಎಣ್ಣೆ ತಿಂದವರ ಎಲ್‌ಡಿಎಲ್ ಸರಾಸರಿ 10.5 ಮಿಲಿಗ್ರಾಂನಷ್ಟು ಏರಿತ್ತು. ‘ಒಳ್ಳೆಯ’ ಎಚ್‌ಡಿಎಲ್ ಕೂಡ 4 ಮಿಲಿಗ್ರಾಂ ಏರಿತ್ತು. ದೇಹದ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ, ಉರಿಯೂತದ ಸೂಚಕಗಳು ಇವುಗಳಲ್ಲಿ ಗಮನಾರ್ಹ ಲಾಭ ಕಾಣಲಿಲ್ಲ. ವಿಡಿಯೊಗಳು ಯಾವುದಕ್ಕೆಂದು ಕುಡಿಯಲು ಹೇಳುತ್ತವೋ ಅದೇ ಪ್ರಯೋಗದಲ್ಲಿ ನಿಲ್ಲಲಿಲ್ಲ.

ಎಚ್‌ಡಿಎಲ್ ಏರಿತಲ್ಲ, ಅದು ಲಾಭವಲ್ಲವೇ? ಹಿಂದೆ ವೈದ್ಯರೂ ಹಾಗೇ ನಂಬಿದ್ದರು. ಎಚ್‌ಡಿಎಲ್ ಏರಿಸುವ ಟೋರ್ಸೆಟ್ರಾಪಿಬ್ ಎಂಬ ಔಷಧದ ದೊಡ್ಡ ಪ್ರಯೋಗವನ್ನು 2006ರ ಡಿಸೆಂಬರ್‌ನಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಎಚ್‌ಡಿಎಲ್ ಏರಿದರೂ ಸಾವು ಹೆಚ್ಚಿತ್ತು. ಹುಟ್ಟಿನಿಂದಲೇ ಎಚ್‌ಡಿಎಲ್ ಹೆಚ್ಚಿರುವ ವಂಶವಾಹಿ ಉಳ್ಳವರಿಗೆ ಹೃದಯಾಘಾತ ಕಡಿಮೆಯೇನೂ ಆಗುವುದಿಲ್ಲ ಎಂದು 2012ರ ಅಧ್ಯಯನ ತೋರಿಸಿತು. ಹಾಗಾಗಿ ಏರಿದ ಎಲ್‌ಡಿಎಲ್‌ನ ಸಾಲವನ್ನು ಏರಿದ ಎಚ್‌ಡಿಎಲ್ ತೀರಿಸುತ್ತದೆ ಎಂದು ಹೇಳಲಾಗದು.

ಎದುರು ಪಕ್ಷದ ಪುರಾವೆಯನ್ನೂ ನೋಡಬೇಕು. ಕೇಂಬ್ರಿಜ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ನಾಲ್ಕು ವಾರ ದಿನಕ್ಕೆ 50 ಗ್ರಾಂ ಕೊಬ್ಬರಿ ಎಣ್ಣೆ, ಬೆಣ್ಣೆ ಅಥವಾ ಆಲಿವ್ ಎಣ್ಣೆ ತಿಂದರು. ಎಲ್‌ಡಿಎಲ್ ಏರಿದ್ದು ಬೆಣ್ಣೆಯಿಂದ. ಕೊಬ್ಬರಿ ಎಣ್ಣೆಗೂ ಆಲಿವ್ ಎಣ್ಣೆಗೂ ವ್ಯತ್ಯಾಸ ಕಾಣಲಿಲ್ಲ. ಕೊಚ್ಚಿಯ ಅಮೃತಾ ಸಂಸ್ಥೆಯ ವೈದ್ಯರು 200 ಹೃದ್ರೋಗಿಗಳಲ್ಲಿ ಕೊಬ್ಬರಿ ಎಣ್ಣೆಯನ್ನು ಸೂರ್ಯಕಾಂತಿ ಎಣ್ಣೆಗೆ ಹೋಲಿಸಿ ಎರಡು ವರ್ಷ ನೋಡಿದರು. 2016ರಲ್ಲಿ ಬಂದ ಫಲಿತಾಂಶದಲ್ಲೂ ವ್ಯತ್ಯಾಸವಿರಲಿಲ್ಲ. ಆದರೆ ಮೊದಲನೆಯದು ಒಂದು ತಿಂಗಳ ಪ್ರಯೋಗ. ಎರಡನೆಯದರಲ್ಲಿದ್ದವರು ಹೃದ್ರೋಗಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರು. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಅಂಥ ಚಿಕಿತ್ಸೆಯ ಭಾಗ. ಮಾತ್ರೆ ನುಂಗದ, ತನ್ನ ಎಲ್‌ಡಿಎಲ್ ಎಷ್ಟೆಂದೇ ಗೊತ್ತಿಲ್ಲದ ನಲವತ್ತರ ರೈತನಿಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು.

ಹೊಗಳಿಕೆ, ತೆಗಳಿಕೆ ಎರಡೂ ಅತಿ

2018ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಉಪನ್ಯಾಸ ನೀಡಿದ ಪ್ರೊ. ಕರಿನ್ ಮಿಶೆಲ್ಸ್ ಕೊಬ್ಬರಿ ಎಣ್ಣೆಯನ್ನು ‘ಶುದ್ಧ ವಿಷ’ ಎಂದು ಕರೆದರು. ಅವರು ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಗೂ ಸಂಬಂಧಿಸಿದವರಾದ್ದರಿಂದ, ಆ ಮಾತನ್ನು ಹಿಂತೆಗೆಯಬೇಕೆಂದು ನಮ್ಮ ಕೇಂದ್ರ ತೋಟಗಾರಿಕಾ ಆಯುಕ್ತರಾಗಿದ್ದ ಬಿ.ಎನ್. ಶ್ರೀನಿವಾಸಮೂರ್ತಿ ಅಲ್ಲಿನ ಡೀನ್‌ಗೆ ಪತ್ರ ಬರೆದರು. ತಲೆಮಾರುಗಳಿಂದ ಜನ ತಿನ್ನುತ್ತ ಬಂದ ಪದಾರ್ಥವನ್ನು ವಿಷವೆನ್ನುವುದು ವಿಜ್ಞಾನದ ಭಾಷೆಯಲ್ಲ. ಆ ಆಕ್ಷೇಪ ನ್ಯಾಯವಾದದ್ದೇ.

ಇನ್ನೊಂದು ತುದಿಯಲ್ಲಿ, ಕನ್ನಡಿಗರ ನಡುವೆ ಅಪಾರ ಗೌರವವುಳ್ಳ ಹೃದ್ರೋಗ ತಜ್ಞ ಡಾ. ಬಿ.ಎಂ. ಹೆಗ್ಡೆ 2006ರಲ್ಲಿ ಬರೆದ ಲೇಖನದಲ್ಲಿ ಕೊಬ್ಬರಿ ಎಣ್ಣೆಯನ್ನು ತಾಯಿಯ ಹಾಲಿನ ನಂತರದ ಆದರ್ಶ ಕೊಬ್ಬು ಎಂದರು. ಲಾರಿಕ್ ಆಮ್ಲ ಎರಡರಲ್ಲೂ ಇದೆ ಎಂಬುದು ನಿಜ. ಆದರೆ ತಾಯಿಯ ಹಾಲಿನ ಕೊಬ್ಬಿನಲ್ಲಿ ಅದು ಸಾಮಾನ್ಯವಾಗಿ ನೂರಕ್ಕೆ ಹತ್ತನ್ನು ದಾಟದು, ಕೊಬ್ಬರಿ ಎಣ್ಣೆಯಲ್ಲಿ ಐವತ್ತರ ಹತ್ತಿರ. ಹಸುಗೂಸಿಗೆ ಹಿತವಾದ ಹಾಲಿನ ಒಂದು ಅಂಶ ಐವತ್ತು ವರ್ಷದವರ ಹೃದಯಕ್ಕೂ ಹಿತ ಎಂಬುದಕ್ಕೆ ಪ್ರಯೋಗದ ಆಧಾರ ಬೇಕು. ಅಭಿಪ್ರಾಯ ಎಷ್ಟೇ ದೊಡ್ಡವರದಾದರೂ ಪ್ರಯೋಗದ ಜಾಗ ತುಂಬಲಾರದು.

ತೂಕ ಇಳಿಸುವ ಮಾತಿನ ಮೂಲವೂ ಇಂಥದೇ. ಎಂಸಿಟಿ ಎಂದು ಕರೆಯುವ ಮಧ್ಯಮ ಸರಪಳಿಯ ಕೊಬ್ಬು ಬೇಗ ಶಕ್ತಿಯಾಗಿ ಉರಿಯುತ್ತದೆ ಎಂದು ಅಮೆರಿಕದ ಸಂಶೋಧಕಿ ಮೇರಿ–ಪಿಯರ್ ಸೇಂಟ್ ಓಂಜ್ ತೋರಿಸಿದ್ದರು. ಅವರು ಬಳಸಿದ್ದು ವಿಶೇಷವಾಗಿ ತಯಾರಿಸಿದ ಪೂರ್ಣ ಎಂಸಿಟಿ ಎಣ್ಣೆ. ಅಂಗಡಿಯ ಕೊಬ್ಬರಿ ಎಣ್ಣೆಯಲ್ಲಿ ಅಂಥ ಕೊಬ್ಬು ನೂರಕ್ಕೆ 13–15ರಷ್ಟು. ಲಾರಿಕ್ ಆಮ್ಲವನ್ನು ಆ ಗುಂಪಿಗೆ ಸೇರಿಸಿದರೂ ದೇಹ ಅದರ ಬಹುಪಾಲನ್ನು ಉದ್ದ ಸರಪಳಿಯ ಕೊಬ್ಬಿನಂತೆಯೇ ಹೀರಿಕೊಳ್ಳುತ್ತದೆ.

ಹಸಿ ತೆಂಗಿನ ಹಾಲಿನಿಂದ ಬಿಸಿ ಮಾಡದೆ ತೆಗೆಯುವ ವರ್ಜಿನ್ ಎಣ್ಣೆಯ ವಿಧಾನವನ್ನು ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ಅಭಿವೃದ್ಧಿಪಡಿಸಿದೆ. ಅದರ ಪರಿಮಳ ಚೆನ್ನ, ಫೀನಾಲಿಕ್ ಅಂಶಗಳೂ ಹೆಚ್ಚು. ಕೊಬ್ಬಿನಾಮ್ಲಗಳ ಪಾಲು ಮಾತ್ರ ಹೆಚ್ಚುಕಡಿಮೆ ಅದೇ. ಗಾಣ ಮರದ್ದಾದರೂ ಕಬ್ಬಿಣದ್ದಾದರೂ ಪರ್ಯಾಪ್ತ ಕೊಬ್ಬು ಬದಲಾಗುವುದಿಲ್ಲ.

ಪೆಸಿಫಿಕ್ ಸಾಗರದ ಟೊಕೆಲೌ ದ್ವೀಪದವರು ತಮ್ಮ ಶಕ್ತಿಯ ಅರ್ಧಕ್ಕೂ ಹೆಚ್ಚನ್ನು ತೆಂಗಿನಿಂದ ಪಡೆಯುತ್ತಿದ್ದರು, ಆದರೂ ಹೃದ್ರೋಗ ಅಪರೂಪ ಎಂದು 1981ರ ಅಧ್ಯಯನ ಹೇಳಿತ್ತು. ಅವರು ತಿನ್ನುತ್ತಿದ್ದದ್ದು ನಾರಿನ ಸಮೇತ ಇಡೀ ಕಾಯಿ ಮತ್ತು ಮೀನು. ಬಾಟಲಿಯ ಎಣ್ಣೆಯಲ್ಲಿ ಕರಿದ ಬೋಂಡದ ಜೊತೆ ಬಿಳಿ ಅನ್ನ ಉಂಡು, ಬೈಕಿನಲ್ಲಿ ಓಡಾಡುವ ನಮಗೆ ಆ ದ್ವೀಪದ ಉದಾಹರಣೆ ಹೊಂದುವುದಿಲ್ಲ.

ನಮ್ಮ ತಟ್ಟೆಯ ಲೆಕ್ಕ

ದಿನದ ಒಟ್ಟು ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ನೂರಕ್ಕೆ ಹತ್ತನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಮತ್ತೆ ಹೇಳಿತು. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ಇದು ಸುಮಾರು 22 ಗ್ರಾಂ.

ಈಗ ನಮ್ಮ ಕಡೆಯ ಒಂದು ಸಾಮಾನ್ಯ ಮನೆ ತೆಗೆದುಕೊಳ್ಳಿ. ನಾಲ್ಕು ಜನ, ಚಟ್ನಿಗೂ ಸಾರಿಗೂ ಸೇರಿ ದಿನಕ್ಕೆ ಒಂದು ಹೋಳು ಕಾಯಿ. ಹೋಳಿನ ತಿರುಳು 100ರಿಂದ 120 ಗ್ರಾಂ ಎಂದರೆ ಒಬ್ಬರಿಗೆ 25–30 ಗ್ರಾಂ. ಹಸಿ ಕಾಯಿಯ ನೂರು ಗ್ರಾಂನಲ್ಲಿ ಸುಮಾರು 30 ಗ್ರಾಂ ಪರ್ಯಾಪ್ತ ಕೊಬ್ಬು ಇರುವುದರಿಂದ ಕಾಯಿಯಿಂದಲೇ ಒಬ್ಬೊಬ್ಬರಿಗೆ 8 ಗ್ರಾಂ ಸೇರಿತು. ಕಾಫಿ, ಮೊಸರು ಎಂದು ಕಾಲು ಲೀಟರ್ ಹಾಲು ಒಳಗೆ ಹೋದರೆ ಇನ್ನು ನಾಲ್ಕೈದು ಗ್ರಾಂ. ಅಡುಗೆಗೆ ಕಡಲೆಕಾಯಿ ಎಣ್ಣೆಯನ್ನು ಮಿತವಾಗಿ ಬಳಸಿದರೆ ಗೆರೆಯೊಳಗೇ ಇರುತ್ತೇವೆ. ಅದರ ಜಾಗಕ್ಕೆ ಕೊಬ್ಬರಿ ಎಣ್ಣೆ ಬಂದರೆ ಒಂದು ದೊಡ್ಡ ಚಮಚಕ್ಕೆ 11–12 ಗ್ರಾಂ. ಮೊದಲ ಚಮಚಕ್ಕೇ ಗೆರೆ ದಾಟುತ್ತದೆ. ಬರಿಹೊಟ್ಟೆಯಲ್ಲಿ ಕುಡಿದ ಅಂಥ ಎರಡು ಚಮಚವೇ ಇಡೀ ದಿನದ ಪಾಲನ್ನು ನುಂಗಿಬಿಡುತ್ತದೆ.

ಕರಾವಳಿಯವರು ತಿನ್ನುವುದಿಲ್ಲವೇ ಎಂದು ಕೇಳಬಹುದು. ತಿನ್ನುತ್ತಾರೆ, ಅವರಿಗೂ ಲೆಕ್ಕ ಇದೇ. ಆದರೆ ಕಾಯಿಯ ಅಭ್ಯಾಸ ಬಿಡದೆ ಎಣ್ಣೆಯನ್ನೂ ಹೊಸದಾಗಿ ಸೇರಿಸಿಕೊಳ್ಳುತ್ತಿರುವವರು ನಾವು. ಅಪಾಯದ ಹೆಚ್ಚಳ ಇರುವುದು ಅಲ್ಲಿ.

ಅದು ಸೇರುತ್ತಿರುವುದೂ ಮೊದಲೇ ಹೊರೆ ಹೊತ್ತ ದೇಹಗಳ ಮೇಲೆ. ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರೂ ಭಾಗಿಯಾಗಿದ್ದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53. ಉಳಿದ ದೇಶಗಳಲ್ಲಿ 58.8. ಮೈಸೂರಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದ್ರೋಗವಿತ್ತು, 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ. ಕಡಿಮೆ ತೂಕಕ್ಕೆ ಹುಟ್ಟಿದವರ ಹೃದಯ ಮುಂದೆ ಹೆಚ್ಚು ದುರ್ಬಲ ಎಂಬ ಪಾಠಕ್ಕೆ ನಮ್ಮ ಜಿಲ್ಲೆಯೂ ಪುರಾವೆ ಕೊಟ್ಟಿತು. ಐಸಿಎಂಆರ್–ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಚಿತ್ರವೂ ಸಮಾಧಾನದ್ದಲ್ಲ: ದೇಶದಲ್ಲಿ ನೂರಕ್ಕೆ 11 ವಯಸ್ಕರಿಗೆ ಮಧುಮೇಹ, 35ಕ್ಕೂ ಹೆಚ್ಚು ಮಂದಿಗೆ ರಕ್ತದೊತ್ತಡ, ಸುಮಾರು 21 ಮಂದಿಗೆ ಎಲ್‌ಡಿಎಲ್ ಹೆಚ್ಚು.

2025ರ ಜೂನ್–ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಮುಗಿಬಿದ್ದರು. ಆ ಸಾವುಗಳಿಗೂ ಕೊಬ್ಬರಿ ಎಣ್ಣೆಗೂ ನಂಟು ಹಾಕುವುದು ತಪ್ಪು. ಸುದ್ದಿ ಬಂದ ವಾರ ಮಾತ್ರ ಹೃದಯ ನೆನಪಾಗಿ, ಮಿಕ್ಕ ವರ್ಷವೆಲ್ಲ ಮರೆಯುವುದೂ ತಪ್ಪು. ಎಲ್‌ಡಿಎಲ್ 10 ಮಿಲಿಗ್ರಾಂ ಏರಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಅವಘಡಗಳ ಸಾಧ್ಯತೆ ನೂರಕ್ಕೆ ಆರರಷ್ಟು ಹೆಚ್ಚಬಹುದೆಂದು ಆ 2020ರ ವಿಶ್ಲೇಷಣೆ ಅಂದಾಜಿಸಿದೆ. ಒಬ್ಬರಿಗೆ ಇದು ಸಣ್ಣ ಏರಿಕೆ. ಇಡೀ ಹೋಬಳಿ ಎಣ್ಣೆ ಬದಲಿಸಿದರೆ ಸಣ್ಣದಲ್ಲ.

ಬೆಲೆ ಏರಿದಾಗ ಬೆರಕೆಯೂ ಏರುತ್ತದೆ

2025ರಲ್ಲಿ ತೆಂಗಿನ ಇಳುವರಿ ಕುಸಿದು ಕೊಬ್ಬರಿ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಆ ವರ್ಷ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,100 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಅದರ ಎರಡು ಪಟ್ಟಿಗೂ ಮೀರಿ ಹೋಯಿತು. ಬೆಳೆಗಾರನಿಗೆ ಸಿಕ್ಕ ಬೆಲೆ ಸಂತೋಷದ್ದೇ. ಆದರೆ ಎಣ್ಣೆ ದುಬಾರಿಯಾದಷ್ಟೂ ಅಗ್ಗದ ತಾಳೆ ಎಣ್ಣೆ, ತಾಳೆ ಬೀಜದ ಎಣ್ಣೆ, ಖನಿಜ ತೈಲ ಬೆರೆಸುವ ಆಸೆ ಹೆಚ್ಚುತ್ತದೆ. ಕಲಬೆರಕೆ ಕಂಡು ಕೇರಳ ಸರ್ಕಾರ 2018ರ ಡಿಸೆಂಬರ್‌ನಲ್ಲಿ ಒಂದೇ ಸಲ 74 ಬ್ರ್ಯಾಂಡ್‌ಗಳ ಕೊಬ್ಬರಿ ಎಣ್ಣೆ ನಿಷೇಧಿಸಿತ್ತು.

ಗಾಜಿನ ಲೋಟದಲ್ಲಿ ಎಣ್ಣೆ ಹಾಕಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟರೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಬೇರೆ ಎಣ್ಣೆ ಇದ್ದರೆ ಪದರವಾಗಿ ಉಳಿಯುತ್ತದೆ. ಮನೆಯಲ್ಲೇ ಮಾಡಬಹುದಾದ ಈ ಪರೀಕ್ಷೆಯನ್ನು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿಕೊಟ್ಟಿದೆ. ಇದಕ್ಕೂ ಮಿತಿಯಿದೆ: ತಾಳೆ ಬೀಜದ ಎಣ್ಣೆಯೂ ತಣ್ಣಗಾದರೆ ಗಟ್ಟಿಯಾಗುತ್ತದೆ, ಅದರ ಕೊಬ್ಬಿನಾಮ್ಲಗಳೂ ಕೊಬ್ಬರಿ ಎಣ್ಣೆಯದನ್ನೇ ಹೋಲುತ್ತವೆ. ಅದನ್ನು ಹಿಡಿಯಲು ಪ್ರಯೋಗಾಲಯವೇ ಬೇಕು.

ಇನ್ನೊಂದು ಅಪಾಯ ಬೂಷ್ಟಿನದು. ಸರಿಯಾಗಿ ಒಣಗದ ಕೊಬ್ಬರಿಯಲ್ಲಿ ಬೆಳೆಯುವ ಆಸ್ಪರ್ಜಿಲಸ್ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಯಕೃತ್ತಿನ ಕ್ಯಾನ್ಸರ್‌ಗೆ ಕಾರಣ. 2021ರಲ್ಲಿ ಶ್ರೀಲಂಕಾಕ್ಕೆ ಬಂದ ಆಮದು ಕೊಬ್ಬರಿ ಎಣ್ಣೆಯಲ್ಲಿ ಈ ವಿಷ ಪತ್ತೆಯಾಗಿ ದೊಡ್ಡ ಗಲಾಟೆಯಾಯಿತು. ಕಾರ್ಖಾನೆಯ ಶುದ್ಧೀಕರಣದಲ್ಲಿ ಇದು ಬಹುಪಾಲು ಹೋಗುತ್ತದೆ. ಶುದ್ಧೀಕರಿಸದ ಗಾಣದ ಎಣ್ಣೆಯಲ್ಲಿ ಹೋಗುವುದಿಲ್ಲ. ಹಾಗಾಗಿ ತೇವಾಂಶ ನೂರಕ್ಕೆ ಆರರ ಆಸುಪಾಸಿಗೆ ಇಳಿಯುವ ತನಕ ಕೊಬ್ಬರಿ ಒಣಗಬೇಕು. ಹಸಿರು, ಕಪ್ಪು ಬೂಷ್ಟು ಹಿಡಿದ ಕೊಬ್ಬರಿಯನ್ನು ‘ಎಣ್ಣೆಗೆ ಆಗುತ್ತೆ’ ಎಂದು ಗಾಣಕ್ಕೆ ಕೊಡಬಾರದು.

ಇದರ ಒಳಿತು ಎಲ್ಲಿದೆ?

ಕೂದಲಿಗೆ ಕೊಬ್ಬರಿ ಎಣ್ಣೆಯ ಉಪಕಾರ ಪ್ರಯೋಗದಲ್ಲಿ ಸಾಬೀತಾಗಿದೆ. ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆಗೆ ಹೋಲಿಸಿದಾಗ ಕೂದಲಿನ ಪ್ರೋಟೀನ್ ನಷ್ಟ ತಡೆದದ್ದು ಕೊಬ್ಬರಿ ಎಣ್ಣೆ ಮಾತ್ರ ಎಂದು 2003ರ ಅಧ್ಯಯನ ತೋರಿಸಿತು. ಲಾರಿಕ್ ಆಮ್ಲದ ಅಣು ಚಿಕ್ಕದು, ನೇರ. ಕೂದಲಿನ ಒಳಕ್ಕೆ ಇಳಿಯಬಲ್ಲದು. ಒಣಚರ್ಮದ ಇಸುಬು ಇದ್ದ 117 ಮಕ್ಕಳ ಮೇಲೆ ಫಿಲಿಪ್ಪೀನ್ಸ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟು ವಾರ ವರ್ಜಿನ್ ಎಣ್ಣೆ ಹಚ್ಚಿದವರಿಗೆ ತೊಂದರೆಯ ಅಂಕ ಶೇ 68ರಷ್ಟು ಇಳಿಯಿತು. ಖನಿಜ ತೈಲ ಹಚ್ಚಿದವರಿಗೆ ಶೇ 38. ದಿನ ತುಂಬದೆ ಹುಟ್ಟಿದ ಕೂಸಿನ ಚರ್ಮದಿಂದ ನೀರು ಆರುವುದನ್ನು ಈ ಎಣ್ಣೆ ತಗ್ಗಿಸುತ್ತದೆ ಎಂದು ನಮ್ಮ ದೇಶದ ವೈದ್ಯರೇ ತೋರಿಸಿದ್ದಾರೆ.

ಆದರೆ ಎಣ್ಣೆ ಮೈಮೇಲೆ ಇರಬೇಕು. ಎಣ್ಣೆನೀರು ಹಾಕುವಾಗ ಕೂಸಿನ ಮೂಗಿಗೆ, ಗಂಟಲಿಗೆ ಎಣ್ಣೆ ಬಿಡುವ ಪದ್ಧತಿಯನ್ನು ಅಜ್ಜಿಯರು ದಯವಿಟ್ಟು ಕೈಬಿಡಬೇಕು. ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದ ದಕ್ಷಿಣ ಭಾರತದ ಶಿಶುಗಳ ವರದಿ 1973ರಷ್ಟು ಹಿಂದೆಯೇ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂದಿದೆ. ಸುಟ್ಟ ಗಾಯಕ್ಕೂ ಮೊದಲು ಬೇಕಾದ್ದು ಹರಿಯುವ ತಣ್ಣೀರು, ಎಣ್ಣೆಯಲ್ಲ.

ಈಗಲೇ ಮಾಡಬೇಕಾದ್ದು

ಕೊಬ್ಬರಿ ಎಣ್ಣೆಯನ್ನು ಔಷಧದಂತೆ ಕುಡಿಯುವುದನ್ನು ನಿಲ್ಲಿಸಿ. ಅದನ್ನು ನಂಬಿ ಸಕ್ಕರೆ, ಥೈರಾಯ್ಡ್, ಕೊಲೆಸ್ಟರಾಲ್ ಮಾತ್ರೆ ಬಿಟ್ಟಿದ್ದರೆ ಇಂದೇ ವೈದ್ಯರನ್ನು ಕಾಣಿ. ಅಡುಗೆಗೆ ದಿನನಿತ್ಯದ ಎಣ್ಣೆಯಾಗಿ ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು, ಸೂರ್ಯಕಾಂತಿ, ಅಕ್ಕಿ ತೌಡಿನ ಎಣ್ಣೆಗಳನ್ನು ಬದಲಿಸುತ್ತ ಬಳಸಿ. ಕೊಬ್ಬರಿ ಎಣ್ಣೆಯ ರುಚಿ ಬೇಕೆನಿಸಿದ ದಿನ ಬೇರೆ ಎಣ್ಣೆಯ ಜೊತೆ ಸ್ವಲ್ಪ ಸೇರಿಸಿ, ಆ ದಿನ ಕಾಯಿ ಕಡಿಮೆ ಮಾಡಿ. ಕೊಬ್ಬರಿ ಎಣ್ಣೆಗೆ ಅಕ್ಕಿ ತೌಡಿನ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಬೆರೆಸಿ ಕೊಟ್ಟಾಗ ಇಲಿಗಳ ರಕ್ತದ ಕೊಲೆಸ್ಟರಾಲ್ ಇಳಿದದ್ದನ್ನು ಸಿಎಫ್‌ಟಿಆರ್‌ಐ ವಿಜ್ಞಾನಿಗಳು 2007ರಲ್ಲಿ ವರದಿ ಮಾಡಿದ್ದರು. ಅಡುಗೆಗೆ ಯಾವ ಎಣ್ಣೆಯಾದರೂ ಒಬ್ಬರಿಗೆ ತಿಂಗಳಿಗೆ ಮುಕ್ಕಾಲು ಲೀಟರ್ ದಾಟದಿರಲಿ. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ.

ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಅಡುಗೆಗೆ ಎತ್ತಿಕೊಳ್ಳಬೇಡಿ. ಸಣ್ಣ ಪೊಟ್ಟಣದ ಕೊಬ್ಬರಿ ಎಣ್ಣೆಯೂ ಖಾದ್ಯ ತೈಲವೇ ಆಗಬಲ್ಲದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ್ದು ತೆರಿಗೆಯ ವಿಚಾರದಲ್ಲಿ. ಲೇಬಲ್ ಮೇಲೆ ‘ಖಾದ್ಯ’ ಎಂದೂ ಎಫ್‌ಎಸ್‌ಎಸ್‌ಎಐ ಸಂಖ್ಯೆಯೂ ಇದ್ದರೆ ಮಾತ್ರ ಅದು ಹೊಟ್ಟೆಗೆ.

ಕೊನೆಯದಾಗಿ, ನಿಮ್ಮ ಎಲ್‌ಡಿಎಲ್ ಎಷ್ಟೆಂದು ತಿಳಿದುಕೊಳ್ಳಿ. ಭಾರತದ ಹೃದ್ರೋಗ ತಜ್ಞರ ಸಂಘ 2024ರ ಮಾರ್ಗಸೂಚಿಯಲ್ಲಿ 18ನೇ ವಯಸ್ಸಿಗೇ ಮೊದಲ ಪರೀಕ್ಷೆ ಆಗಲಿ ಎಂದಿದೆ. ಸಾಮಾನ್ಯ ಜನರಿಗೆ 100 ಮಿಲಿಗ್ರಾಂ ಒಳಗಿರಲಿ ಎಂದಿದೆ. ಎದೆನೋವು ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಯುತ್ತ ಕೂರದೆ ತಕ್ಷಣ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ರಾಜ್ಯ ಸರ್ಕಾರ ತಾಲ್ಲೂಕು ಮಟ್ಟದಲ್ಲೇ ಹೃದಯಾಘಾತಕ್ಕೆ ಮೊದಲ ಚಿಕಿತ್ಸೆ ಕೊಡಲು ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ತಂದಿರುವುದು ಇದಕ್ಕೇ. ತೆಂಗನ್ನು ಬೆಳೆಯೋಣ, ಕಾಯಿಯನ್ನು ಹದವಾಗಿ ತಿನ್ನೋಣ, ಎಣ್ಣೆಯನ್ನು ತಲೆಗೆ ಧಾರಾಳವಾಗಿ ಹಚ್ಚೋಣ. ಬಾಣಲೆಗೆ ಅದನ್ನು ಸುರಿಯುವ ಮುನ್ನ ರಕ್ತಪರೀಕ್ಷೆಯ ಚೀಟಿ ಒಮ್ಮೆ ಓದೋಣ.